ಸೀನು ತರಿಸಿದ ಗಂಧದ ಮಣಿ

ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಆಭರಣ ಮಾಡುವಾಕೆ ಸೀನಿದಳು. ಒಂದಲ್ಲ, ಮೂರು ಸಲ.

ಅವಳು ಬಂದದ್ದು ಅರವತ್ತು ಗಂಧದ ಮಣಿಗಳಿಗಾಗಿ. ಎಲ್ಲವೂ ಒಂದೇ ಹಳೆಯ ಬೇರಿನಿಂದ ಕಡೆದವು. ಅಂಥ ಬೇರು ಇನ್ನೊಮ್ಮೆ ಸಿಗುವುದು ಕನಸಿನ ಮಾತು. ಕಾರ್ಖಾನೆಯ ಯಜಮಾನಿಯ ತಮ್ಮ ಡಬ್ಬಿ ತಂದಿಟ್ಟು, ತೆರೆದು, ಮೂಸಿ, "ಅಪ್ಪಟ" ಎಂದ. ಅವಳು ಒಂದು ಮಣಿಯನ್ನು ಚಾಕುವಿನಿಂದ ಸೀಳಿದಳು. ಒಳಗೆ ಬೆಳ್ಳಗಿನ ಅಗ್ಗದ ಮರ. ಮೇಲೆ ಬರೀ ಬಣ್ಣ ಮತ್ತು ಸುಗಂಧದ ಎಣ್ಣೆ.

ಅಸಲಿ ಮಣಿಗಳು ಮಂಗಮಾಯ.

* * *

ಇನ್‌ಸ್ಪೆಕ್ಟರಮ್ಮ ಬಂದರು. ಮೂರು ದಿನದಿಂದ ಅವರಿಗೆ ನೆಗಡಿ. ವಾಸನೆಯ ಕೇಸಿಗೆ ಮೂಗು ಕಟ್ಟಿದ ಅಧಿಕಾರಿ, ಒಳ್ಳೆ ಜೋಡಿ ಎಂದು ಅವರಿಗೇ ನಗು ಬಂತು. ಸರಿ, ಕಣ್ಣು ಕಿವಿಯಾದರೂ ಇವೆಯಲ್ಲ.

"ಡಬ್ಬಿ ಯಾರ ಕೈಗೆಲ್ಲ ಸಿಗ್ತಿತ್ತು?"

"ನಾನು, ನನ್ನ ತಮ್ಮ, ಮಣಿ ಕಡೆಯೋ ತಾತ. ಮೂರೇ ಜನ," ಎಂದಳು ಯಜಮಾನಿ.

"ಅಕ್ಕ, ತಾತನ ಡ್ರಾಯರ್ ಒಂದ್ಸಲ ನೋಡಿಬಿಡೋಣ," ಎಂದ ತಮ್ಮ.

ನೋಡಿದರು. ಉಳಿ, ಅರ, ಬೈರಿಗೆಗಳ ನಡುವೆ ಒಂದು ಬಾಟಲಿ. ಅರ್ಧ ಖಾಲಿಯಾದ ಸುಗಂಧದ ಎಣ್ಣೆ.

ಯಜಮಾನಿಯ ಮುಖ ಕೆಂಪಾಯಿತು. "ಮೂವತ್ತು ವರ್ಷ ಅನ್ನ ತಿಂದ ಜಾಗ ತಾತ ಇದು. ಇನ್ನು ಒಳಗೆ ಕಾಲಿಡಬೇಡಿ."

ತಾತ ವಾದ ಮಾಡಲಿಲ್ಲ. ಎದ್ದು ನಿಂತ. ಮಣಿ ಕಡೆಯುವ ಲೇತ್ ನಿಲ್ಲಿಸಿ ಹಿತ್ತಲ ಕಡೆ ನಡೆದ. ಈ ವಯಸ್ಸಿನಲ್ಲಿ ಕಳ್ಳ ಅನ್ನಿಸಿಕೊಂಡು ಹೊರಬಿದ್ದವನಿಗೆ ಯಾವ ಕಾರ್ಖಾನೆ ಬಾಗಿಲು ತೆರೆದೀತು? ಇನ್‌ಸ್ಪೆಕ್ಟರಮ್ಮನಿಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನುವುದು ಪುರಾವೆಯಲ್ಲ. ಅವರು ಡ್ರಾಯರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

* * *

ಹಿತ್ತಲಲ್ಲಿ ತಾತ ಕಲ್ಲಿನ ಮೇಲೆ ಕೂತಿದ್ದ. ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲೇ ಕೂತರು.

"ಮಣಿ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ನೋಡ್ತೀರಿ ತಾತ?"

"ಕೊರೆದ ಹೊಸ ಪುಡಿ ಮೂಸ್ತೀನಿ. ಒಳಗಲ್ಲ, ಇಲ್ಲಿ ಬಂದು. ಅರ್ಧ ಗಂಟೆ ಗಾಳಿಗೆ ಕೂತು, ಆಮೇಲೆ."

"ಯಾಕೆ?"

"ಒಳಗೆ ಹತ್ತು ನಿಮಿಷ ಇದ್ರೆ ಮೂಗು ಮರಗಟ್ಟುತ್ತಮ್ಮ. ಗಂಧ ಎದುರಿಗೇ ಇರುತ್ತೆ, ಗೊತ್ತಾಗಲ್ಲ. ಯಜಮಾನಿಯವರಿಗೂ ಹೀಗೇ ಅಭ್ಯಾಸ ಮಾಡಿಸಿದ್ದೀನಿ. ಅವರ ತಮ್ಮ ಮಾತ್ರ ನಗ್ತಾರೆ. ಮೂಗು ಗಾಳಿಗೆ ಒಣಗಿಸ್ತೀಯಾ ತಾತ, ಅಂತಾರೆ. ಅವರಿಗೇನು, ಬೀದಿ ಕಡೆ ಅಂಗಡೀಲಿ ಇರ್ತಾರೆ. ಅಲ್ಲಿ ಮಣಿಯೆಲ್ಲ ಗಾಜಿನೊಳಗೆ. ಮೂಗು ಚುರುಕಾಗೇ ಇರುತ್ತೆ."

ಇನ್‌ಸ್ಪೆಕ್ಟರಮ್ಮ ಕರವಸ್ತ್ರ ಮಡಚಿ ಜೇಬಿಗಿಟ್ಟು ಎದ್ದರು.

* * *

"ಮೊದಲು ಬಾಟಲಿ," ಎಂದರು ಇನ್‌ಸ್ಪೆಕ್ಟರಮ್ಮ, ಎಲ್ಲರೂ ಸೇರಿದಾಗ. "ಆ ಡ್ರಾಯರಿನಲ್ಲಿ ಉಳಿ, ಅರ, ತಾತನ ಕನ್ನಡಕದ ಡಬ್ಬಿ, ಎಲ್ಲದರ ಮೇಲೂ ಮರದ ಪುಡಿ ಕೂತಿದೆ. ಲೇತಿನ ಪಕ್ಕ ಅಲ್ವಾ. ಬಾಟಲಿ ಮೇಲೆ ಒಂದು ಕಣ ಇಲ್ಲ. ಅದನ್ನ ಇವತ್ತೇ ಯಾರೋ ತಂದಿಟ್ಟಿದ್ದಾರೆ."

ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಇನ್ನು ಎಣ್ಣೆ. ಮೋಸ ಮಾಡೋರು ಹದವಾಗಿ ಹಾಕ್ತಾರೆ. ಇಲ್ಲಿ ಮುಚ್ಚಳ ತೆಗೆಯೋ ಮೊದಲೇ ಸೀನು ಬರೋ ಹಾಗೆ ಸುರಿದಿದ್ದಾರೆ. ಯಾಕೆ? ಸಾಲದು ಅನ್ನಿಸ್ತು. ದಿನಗಟ್ಟಲೆ ಎಣ್ಣೆ ಮುಂದೆ ಕೂತು ಮೂಗು ಮರಗಟ್ಟಿತ್ತು, ಇನ್ನಷ್ಟು, ಇನ್ನಷ್ಟು ಅಂತ ಸುರಿದ್ರು. ತಾತ, ಯಜಮಾನಿ ಇಬ್ಬರೂ ಹೊರಗೆ ಕೂತು ಮೂಸೋರು. ಅವರಾಗಿದ್ರೆ ಈ ತಪ್ಪು ಆಗ್ತಿರಲಿಲ್ಲ."

ಅವರು ತಮ್ಮನ ಕಡೆ ತಿರುಗಿದರು.

"ಬೆಳಿಗ್ಗೆಯಿಂದ ಅಂಗಡಿಯಲ್ಲಿದ್ದವರು ನೀವು. ಈ ಕಾರ್ಖಾನೆಯಲ್ಲಿ ಚುರುಕು ಮೂಗು ನಿಮ್ಮದೇ. ಮುಚ್ಚಿದ ಡಬ್ಬಿಗೇ ಆಭರಣ ಮಾಡೋ ಇವರು ಸೀನಿದ್ರು. ನೀವು ತೆರೆದ ಡಬ್ಬಿಗೆ ಮೂಗಿಟ್ಟು ಅಪ್ಪಟ ಅಂದ್ರಿ. ನಿಮ್ಮ ಮೂಗು ಎಲ್ಲಿ ಮರಗಟ್ಟಿತು? ಆ ಎಣ್ಣೆ ಮುಂದೆ ತಾನೆ?"

"ನನಗೆ... ನನಗೂ ನೆಗಡಿ."

"ನೆಗಡಿ ಹೇಗಿರುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಸ್ಕೂಟರಿನ ಡಿಕ್ಕಿ ತೆಗೀತೀರಾ?"

ಅವನ ಮುಖ ಹುಳ್ಳಗಾಯಿತು. ಡಿಕ್ಕಿಯಲ್ಲಿ ರೇನ್‌ಕೋಟಿನೊಳಗೆ ಸುತ್ತಿದ ಪೊಟ್ಟಣ. ಅದರಲ್ಲಿ ಅರವತ್ತು ಮಣಿ. ಇನ್ನೊಬ್ಬ ಗಿರಾಕಿಗೆ ಕದ್ದು ಮಾರಲು ಇಟ್ಟಿದ್ದೆ ಎಂದು ಅವನೇ ಬಾಯಿಬಿಟ್ಟ.

ಪೊಲೀಸ್ ಜೀಪು ತಮ್ಮನನ್ನು ಕರೆದೊಯ್ದ ಮೇಲೂ ಯಜಮಾನಿ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ತಾತನ ಹತ್ತಿರ ಬಂದಳು.

"ತಪ್ಪಾಯ್ತು ತಾತ. ಮನಸ್ಸಿಗೆ ಹಚ್ಚಿಕೋಬೇಡಿ. ನಾಳೆ ಬರ್ತೀರಲ್ವಾ?"

"ಬರ್ತೀನಮ್ಮ. ಹೊಟ್ಟೆಪಾಡು," ಎಂದ ತಾತ. ಅಸಲಿ ಮಣಿಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದ. "ತಮ್ಮನ್ನ ನಂಬದೇ ಇರೋಕೆ ನಿಮಗೆ ಇಷ್ಟೆಲ್ಲ ಪುರಾವೆ ಬೇಕಾಯ್ತು. ನನ್ನ ವಿಷಯಕ್ಕೆ ಒಂದು ಬಾಟಲಿ ಸಾಕಾಯ್ತು."