ಮೊಲ ಮಲಗಿರುವಷ್ಟು ಹೊತ್ತು

ಮಗುವಿನ ಕೈ ಬೇಗ ಪಳಗದಿರಲಿ ಅಂತ ಒಂದು ಗಳಿಗೆ ತನಗೆ ಅನ್ನಿಸಿಬಿಟ್ಟಿತಲ್ಲ, ಇದೆಂಥ ಮನಸ್ಸು? ಥೆರಪಿ ಕೋಣೆಯ ಪುಟಾಣಿ ಕುರ್ಚಿಗಳನ್ನು ಒರೆಸುತ್ತ ಅವಳು ತನ್ನನ್ನೇ ಕೇಳಿಕೊಂಡಳು. ಕೈ ಪಳಗಿದರೆ ಮಗು ಬರುವುದು ನಿಲ್ಲುತ್ತದೆ. ಮಗು ಬರದಿದ್ದರೆ ಅದನ್ನು ಕರೆತರುವವನೂ ಬರುವುದಿಲ್ಲ. ಅರ್ಥವಾಗುವುದು ಸುಲಭವಿತ್ತು, ಒಪ್ಪಿಕೊಳ್ಳುವುದೇ ಕಷ್ಟ.

ಕರೆತರುತ್ತಿದ್ದವನು ಮಗುವಿನ ಸೋದರಮಾವ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಹೋದ ವರ್ಷ ಅವನ ಅಕ್ಕ ತೀರಿಕೊಂಡ ಮೇಲೆ ಆರು ವರ್ಷದ ಹುಡುಗಿ ಅವನ ಮಡಿಲಿಗೆ ಬಂದಿದ್ದಳು. ಅವನು ಅವಳನ್ನು ಬಟಾಣಿ ಅನ್ನುತ್ತಿದ್ದ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಬಟಾಣಿಯ ಬಲಗೈ ಸದಾ ಮುಷ್ಟಿ ಬಿಗಿದುಕೊಂಡೇ ಇರುತ್ತಿತ್ತು. ಎಡಗೈ ಮಾತ್ರ ಬಲು ಚುರುಕು.

ಇಂಥ ಮಕ್ಕಳಿಗೆ ಅಲ್ಲೊಂದು ಪದ್ಧತಿಯಿತ್ತು. ಚುರುಕು ಕೈಗೆ ಚೀಲದಂಥ ಬಟ್ಟೆ ಗ್ಲೌಸು ತೊಡಿಸಿ ಸುಮ್ಮನಾಗಿಸುವುದು. ಆಗ ಬೇರೆ ದಾರಿ ಕಾಣದೆ ಇನ್ನೊಂದು ಕೈ ಕೆಲಸಕ್ಕಿಳಿಯಬೇಕು. ಬೆಳಿಗ್ಗೆ ಎರಡು ತಾಸು ಇಲ್ಲಿ, ಸಂಜೆ ಎರಡು ತಾಸು ಮನೆಯಲ್ಲಿ. ಅವಳು ಬಟಾಣಿಯ ಗ್ಲೌಸಿಗೆ ಎರಡು ಕಿವಿ ಹೊಲಿದು, ಗುಂಡಿಯ ಕಣ್ಣಿಟ್ಟು ಮೊಲ ಮಾಡಿದ್ದಳು.

“ಇದು ಅಕ್ಕ ಕೈ,” ಅಂತ ಮೊದಲ ದಿನ ಎಡಗೈ ಹಿಡಿದು ಹೇಳಿಕೊಟ್ಟಿದ್ದಳು. “ಎಲ್ಲಾ ಕೆಲಸ ತಾನೇ ಮಾಡಿಬಿಡುತ್ತೆ. ಪಾಪ, ತಂಗಿ ಕೈಗೆ ಕಲಿಯೋಕೇ ಬಿಡಲ್ಲ. ಅದಕ್ಕೇ ಅಕ್ಕನ್ನ ಮೊಲದೊಳಗೆ ಮಲಗಿಸೋಣ, ಆಯ್ತಾ?”

“ನಿಮಗೆ ಅಕ್ಕ ಇದಾರಾ ಮಿಸ್?” ಬಟಾಣಿ ಕೇಳಿದ್ದಳು.

ಇದ್ದಳು. ಮನೆಗೆ ಫೋನ್ ಬಂದರೆ ಎತ್ತುವವಳು ಅಕ್ಕ, ಬಟ್ಟೆ ಅಂಗಡಿಯಲ್ಲಿ ಚೌಕಾಸಿ ಮಾಡುವವಳು ಅಕ್ಕ, ನೆಂಟರು “ಏನಮ್ಮ, ಹೇಗಿದೀಯ” ಅಂದರೆ ತಂಗಿ ಚೆನ್ನಾಗಿದಾಳೆ ಅಂತ ಹೇಳುವವಳೂ ಅಕ್ಕನೇ. ಈ ಕೆಲಸದ ಇಂಟರ್‌ವ್ಯೂ ಒಂದನ್ನು ಇವಳೇ ಕೊಟ್ಟದ್ದು, ಅದೂ ಅಕ್ಕನನ್ನು ಒಳಗೆ ಬಿಡಲಿಲ್ಲ ಅಂತ. ಮಕ್ಕಳ ಜೊತೆ ಮಾತು ಸಲೀಸು. ದೊಡ್ಡವರು ಎದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಟಾಣಿ ಅವಳಿಗೆ ‘ಪಿಸು ಮಿಸ್’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮೊದಲ ವಾರ ಅವನ ಜೊತೆಗೂ ಬರೀ ಹೂಂ, ಉಹೂಂ ನಡೆಯಿತು. ಒಂದು ಬೆಳಿಗ್ಗೆ ಬಟಾಣಿಯ ಚಪ್ಪಲಿ ಬಿಚ್ಚುತ್ತಿದ್ದವನು ತಲೆಯೆತ್ತಿದ.

“ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ ಮೇಡಂ. ಬಂದ ದಿನದಿಂದ ನೋಡ್ತಿದೀನಿ, ಇನ್ನು ತಡೆಯೋಕಾಗಲ್ಲ. ಕೊಡ್ತೀರಾ?”

ಕೊಟ್ಟಳು. ಅವನು ಮಸುಕಾಗಿಬಿಟ್ಟ. ಕಿಟಕಿಯ ಬೂದು ಬೆಳಕಿನಲ್ಲಿ ಒಂದು ತಲೆ, ಎರಡು ಕೈ, ಅಷ್ಟೇ. ಅವನು ಕಡ್ಡಿಯನ್ನು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಒಂಚೂರು ಬಗ್ಗಿಸಿ, ಜೇಬಿನ ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸಿ ವಾಪಸು ಕೊಟ್ಟ. ಹಾಕಿಕೊಂಡಾಗ ಮೊದಲು ಅವನ ರೆಪ್ಪೆಗಳು ಕಂಡವು, ಆಮೇಲೆ ತುಟಿಯ ಪಕ್ಕದ ಹಳೆಯ ಗೀರು, ಕಡೆಗೆ ನಗು.

“ಈಗ ಕಾಣ್ತಿದೀನಾ?”

ಅವಳು ತಲೆಯಾಡಿಸಿದಳು. ಅಂದಿನಿಂದ ಮನೆಯ ಕನ್ನಡಿಯ ಮುಂದೆ ನಿಂತು, ಕನ್ನಡಕ ಮತ್ತೆ ಒಂದಿಷ್ಟು ವಾಲಬಾರದೇ ಅಂತ ನೋಡಿಕೊಳ್ಳುತ್ತಿದ್ದಳು.

ಆದರೆ ಆ ಮೊಲ.

ಬೇರೆ ಮಕ್ಕಳ ಗ್ಲೌಸುಗಳು ಮನೆಯಿಂದ ಬರುವಾಗ ಬಣ್ಣ ಮೆತ್ತಿಕೊಂಡು, ಊಟದ ಕಲೆ ಹತ್ತಿಸಿಕೊಂಡು, ಹಲ್ಲಲ್ಲಿ ಕಚ್ಚಿ ಎಳೆದ ದಾರ ನೇತಾಡಿಸಿಕೊಂಡು ಬರುತ್ತಿದ್ದವು. ಬಟಾಣಿಯ ಮೊಲ ಇವಳು ಮಡಿಸಿಕೊಟ್ಟ ಗೆರೆಯ ಮೇಲೆಯೇ ಮಡಿಕೆಯಾಗಿ ಬರುತ್ತಿತ್ತು. ಒಂದು ಕಿವಿಯೂ ಸುಕ್ಕಾಗಿರಲಿಲ್ಲ. ಮನೆಯಲ್ಲಿ ಅದನ್ನು ತೊಡಿಸುತ್ತಲೇ ಇಲ್ಲವೆಂದು ಎರಡನೇ ವಾರಕ್ಕೇ ಅವಳಿಗೆ ಗೊತ್ತಾಯಿತು. ಕೇಳೇಬಿಡಬೇಕು ಅಂತ ಬಾಯಿ ತೆರೆದರೆ, ನಿನ್ನೆ ಸಂಜೆ ಹೇಗಿತ್ತು ಅನ್ನುವುದಷ್ಟೇ ಹೊರಬೀಳುತ್ತಿತ್ತು. ಚೆನ್ನಾಗಿತ್ತು ಅಂತ ಅವನು ಕಣ್ಣು ತಪ್ಪಿಸುತ್ತಿದ್ದ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸದೆ ದಿನ ದೂಡಿದರು. ನಡುವೆ ಆ ಪುಟ್ಟ ಮುಷ್ಟಿ ಹಾಗೇ ಬಿಗಿದುಕೊಂಡಿತ್ತು.

ಗುರುವಾರ ಥೆರಪಿ ಕೇಂದ್ರದ ಮುಖ್ಯಸ್ಥೆ, ದೊಡ್ಡ ಮೇಡಂ, ಪರೀಕ್ಷೆ ಮಾಡಿದರು. ಬಟಾಣಿಯಿಂದ ಮಣಿ ಹೆಕ್ಕಿಸಿದರು, ಲೋಟ ಹಿಡಿಸಿದರು. ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ ಅಂದರು. ಈ ಮಗುವಿಗೆ ಈ ವಿಧಾನ ನಾಟುತ್ತಿಲ್ಲ, ನಾಳೆಗೆ ನಿಲ್ಲಿಸೋಣ, ಸರದಿಯಲ್ಲಿ ಬೇರೆ ಮಕ್ಕಳಿದ್ದಾರೆ, ಇನ್ನು ಎಲ್ಲಾ ಎಡಗೈಯಲ್ಲೇ ಮಾಡಿಕೊಳ್ಳುವುದು ಕಲಿಯಲಿ ಅಂದರು. ಅವಳು ಹೂಂ ಅಂದಳು.

ಮನೆಯಲ್ಲಿ ಅಕ್ಕ ಮುಖ ನೋಡಿಯೇ ಹಿಡಿದಳು. ಚೂರುಚೂರಾಗಿ ಎಲ್ಲ ಬಾಯಿ ಬಿಡಿಸಿದಳು.

“ನಾಳೆ ಮಧ್ಯಾಹ್ನ ನಿನ್ನ ಕರ್ಕೊಂಡು ಬರೋಕೆ ಬರ್ತೀನಲ್ಲ, ನಾನೇ ಹೇಳ್ತೀನಿ ಬಿಡೇ. ಗ್ಲೌಸಿಂದೂ ಹೇಳ್ತೀನಿ, ನಿಂದೂ ಹೇಳ್ತೀನಿ. ಒಂದೇ ಸಲ ಮುಗೀಲಿ.”

ಅವಳಿಗೆ ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೇ ಆಮೇಲೆ ಅಳು ಬಂತು.

ಶುಕ್ರವಾರ ಬೆಳಗಿನಿಂದ ಮೋಡ. ಬಟಾಣಿಗೆ ಇದು ಕೊನೆಯ ದಿನವೆಂದು ಯಾರೂ ಹೇಳಿರಲಿಲ್ಲ. ಅವಳು ಮರದ ಬಳೆಯನ್ನು ಗೂಟಕ್ಕೆ ಸಿಕ್ಕಿಸಲು ತಂಗಿ ಕೈಯನ್ನು ಗದರಿಸುತ್ತ, ಪುಸಲಾಯಿಸುತ್ತ ಕೂತಿದ್ದಳು. ಬಳೆ ಪ್ರತಿ ಸಲವೂ ಉರುಳಿತು. ಬಿದ್ದಾಗಲೆಲ್ಲ “ಪರವಾಗಿಲ್ಲ ತಂಗಿ” ಅಂತ ತಾನೇ ಸಮಾಧಾನ ಹೇಳಿಕೊಂಡಳು.

ಕರೆದೊಯ್ಯಲು ಬಂದವನ ಕೈಯಲ್ಲಿ ನೀಲಿ ಬಣ್ಣದ ಕನ್ನಡಕದ ಡಬ್ಬಿಯಿತ್ತು. ಅದನ್ನು ಮೇಜಿನ ಮೇಲಿಟ್ಟ.

“ನಿಮಗೇ. ಮತ್ತೆ ವಾಲಿದ್ರೆ ಅಂಗಡಿಗೆ ಬನ್ನಿ.” ಆಮೇಲೆ ಸ್ವರ ಇಳಿಸಿದ. “ದೊಡ್ಡ ಮೇಡಂ ಫೋನ್ ಮಾಡಿದ್ರು. ನಮ್ಮ ಬಟಾಣಿ ಕೈ ಇಷ್ಟೇ ಅಂತೆ.”

ಅಷ್ಟರಲ್ಲಿ ಅಕ್ಕ ಹೆಲ್ಮೆಟ್ ಹಿಡಿದುಕೊಂಡು ಬಾಗಿಲಲ್ಲಿ ಕಾಣಿಸಿದಳು. ಹೇಳ್ಲಾ ಅಂತ ಹುಬ್ಬೇರಿಸಿದಳು. ಇವಳು ಬೇಡವೆಂದು ಕೈ ತೋರಿಸಿದಳು. ಅಕ್ಕ ಒಂದು ಗಳಿಗೆ ನೋಡಿ, ಹೊರಗಿನ ಬೆಂಚಿನ ಮೇಲೆ ಕೂತಳು.

“ಇಷ್ಟೇ ಅಲ್ಲ,” ಅಂದಳು ಇವಳು. “ಮೊಲ ನಿಮ್ಮನೇಲಿ ಮಲಗೇ ಇಲ್ಲ. ನನಗೆ ಗೊತ್ತಿತ್ತು.”

ಅವನ ಮುಖ ಕಪ್ಪಿಟ್ಟಿತು. ಅಲ್ಲಗಳೆಯಲಿಲ್ಲ. ಮೊದಲ ಸಂಜೆ ತೊಡಿಸಿದ್ದನಂತೆ. ಬಟಾಣಿ ಮೊಲದ ಕೈಯನ್ನು ಗೋಡೆಗೆ ಬಡಿದುಕೊಂಡು ಅತ್ತಳಂತೆ.

“ಅಮ್ಮ ಇದ್ದಿದ್ರೆ ಬಿಚ್ತಿದ್ಲು ಅಂದ್ಲು ಮೇಡಂ. ಆಮೇಲೆ ಅದನ್ನ ತೊಡಿಸೋಕೆ ನನ್ನ ಕೈ ಏಳಲಿಲ್ಲ.”

ಅವಳು ನಿಧಾನವಾಗಿ, ತಡವರಿಸಿಕೊಂಡೇ ಹೇಳಿದಳು. ಈಗಲೇ ದೊಡ್ಡ ಮೇಡಂ ಹತ್ತಿರ ಹೋಗೋಣ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ, ಇನ್ನೊಂದು ಸರದಿ ಕೊಡಿ ಅಂತ ಕೇಳುತ್ತೇನೆ, ಕೊಟ್ಟರೆ ಸಂಜೆ ಬಟಾಣಿ ಎಷ್ಟು ಅತ್ತರೂ ನೀವು ಪಕ್ಕದಲ್ಲಿ ಕೂತಿರಬೇಕು, ಬಿಚ್ಚಬಾರದು ಅಂದಳು. ಅವನು ಕೇಳಿಸಿಕೊಂಡ. ಆಮೇಲೆ ಅವನ ಕಣ್ಣಲ್ಲಿ, ಈವರೆಗೆ ಅವಳು ಕಾಣದಿದ್ದ ಸಿಟ್ಟೊಂದು ಹೊತ್ತಿಕೊಂಡಿತು.

“ಗೊತ್ತಿದ್ದೂ ಇಷ್ಟು ದಿನ ಯಾಕೆ ಕೇಳಲಿಲ್ಲ? ಒಂದು ಮಾತು ಕೇಳಿದ್ರೆ ನಾನು ಅವತ್ತೇ ನಾಚ್ಕೊಂಡು ಸರಿ ಹೋಗ್ತಿದ್ನಲ್ಲ. ಮಗುವಿನ ದಿನಗಳು ಹೋದ್ವಲ್ಲ ಮೇಡಂ.”

ಹೊರಗೆ ಅಕ್ಕ ಬೆಂಚಿನಿಂದ ಅರ್ಧ ಎದ್ದಳು, ಮತ್ತೆ ಕೂತಳು. ಬಟಾಣಿ ಆ ಬಿಗಿದ ಮುಷ್ಟಿಯಿಂದ ಮತ್ತೊಮ್ಮೆ ಬಳೆಯನ್ನು ತಳ್ಳಿದಳು. ಯಾರೂ ಅದನ್ನು ಎತ್ತಿಕೊಡಲಿಲ್ಲ.

“ಕೇಳಿದ್ರೆ ಬರೋದು ನಿಂತುಹೋಗುತ್ತೇನೋ ಅಂತ ಭಯ ಆಯ್ತು,” ಅಂದಳು ಇವಳು. ದನಿ ಬೆಂಚಿನವರೆಗೂ ಕೇಳಿಸಿತು. “ಬಟಾಣಿ ಅಲ್ಲ. ನೀವು.”