ಒಂದೇ ಥಾನಿನ ಬಟ್ಟೆ

"ಎಷ್ಟು ಅಂದಿ ಸಾಬಣ್ಣ? ಇನ್ನೊಂದು ಸಲ ಗಟ್ಟಿಯಾಗಿ ಹೇಳು, ಅಡಿಗೆಮನೆಗೂ ಕೇಳಲಿ!"

ಹಿರಿಸೊಸೆ ಗುರುಶಾಂತಮ್ಮನ ಕೂಗಿಗೆ ದರ್ಜಿ ಮಸ್ತಾನಸಾಬ್ ತಲೆ ಎತ್ತಲಿಲ್ಲ. ಒಂಬತ್ತು ವರ್ಷದ ಕಸ್ತೂರಿಯ ಸೊಂಟಕ್ಕೆ ಸುತ್ತಿದ ಟೇಪನ್ನು ಹಾಗೇ ಹಿಡಿದುಕೊಂಡು, "ಮೂವತ್ತು ಇಂಚು, ಅಮ್ಮಾರೆ" ಎಂದ, ತಪ್ಪು ತಾನೇ ಮಾಡಿದವನ ಹಾಗೆ. ಪಡಸಾಲೆಯಲ್ಲಿ ಸಾಲಾಗಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕವು. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಬಸವಣ್ಣೆಮ್ಮನ ಕೈ ನಿಂತಿತು. ಅಯ್ಯೋ, ನನ್ನ ಕೂಸನ್ನು ಸಂತೆಯ ಎಮ್ಮೆ ಹಾಗೆ ಅಳೆಯುತ್ತಾರಲ್ಲ... ಎಂದುಕೊಂಡಳು.

ದಾವಣಗೆರೆಯ ಚೌಕಿಪೇಟೆಯ ಆ ಹತ್ತಿ ವ್ಯಾಪಾರದ ಮನೆಯಲ್ಲಿ ಅತ್ತೆಯ ಕಾಲದಿಂದ ಒಂದು ಪದ್ಧತಿ. ಯುಗಾದಿಗೂ ದೀಪಾವಳಿಗೂ ಗಿರಣಿಯಿಂದ ಒಂದೇ ಥಾನು ಬಟ್ಟೆ ತರಬೇಕು, ಮನೆಯ ಹೆಣ್ಣುಮಕ್ಕಳಿಗೆಲ್ಲ ಅದರಲ್ಲೇ ಫ್ರಾಕು ಕತ್ತರಿಸಬೇಕು. ತಲೆಗೆ ಎರಡೂವರೆ ಗಜ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹಬ್ಬದ ದಿನ ನಾಲ್ವರೂ ಹುಡುಗಿಯರು ಒಂದೇ ಬಣ್ಣದಲ್ಲಿ ಬೀದಿಗಿಳಿದರೆ, ಇವು ಯಾರ ಮನೆಯ ಮಕ್ಕಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಬೀಗದ ಕೈಗೊಂಚಲು ಹಿರಿಸೊಸೆ ಗುರುಶಾಂತಮ್ಮನ ಸೊಂಟ ಸೇರಿತು. ಅವಳಿಗೆ ಮೂವರು ಹೆಣ್ಣುಮಕ್ಕಳು, ಮೂರೂ ಜೋಳದ ದಂಟು. ಕಿರಿಸೊಸೆ ಬಸವಣ್ಣೆಮ್ಮ ಹರಿಹರದವಳು. ಅವಳಿಗೆ ಕಸ್ತೂರಿ ಒಬ್ಬಳೇ.

"ಇವಳಿಗೆ ಎರಡೂವರೆ ಗಜ ಎಲ್ಲಿ ಸಾಲ್ತದೆ? ಇವಳದು ಬ್ಯಾರೆ ಹೊಲಿ" ಎಂದು ಗುರುಶಾಂತಮ್ಮ ಒಳಗಿನಿಂದ ಕಂದು ಬಣ್ಣದ ಒರಟು ಬಟ್ಟೆ ತಂದು ಹಾಕಿದಳು. ದೊಡ್ಡ ಹೆಂಗಸರ ಒಳಲಂಗಕ್ಕೆ ತರಿಸಿದ್ದ ಬಟ್ಟೆ ಅದು!

ಆ ಯುಗಾದಿಗೆ ಮೂವರು ಹಳದಿ ಹೂವಿನ ಫ್ರಾಕಿನಲ್ಲಿ ಮುಂದೆ, ಕಸ್ತೂರಿ ಕಂದು ಬಟ್ಟೆಯಲ್ಲಿ ಹಿಂದೆ. ಎದುರುಮನೆಯ ಚೌಡವ್ವ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ ಕಣ್ಣು ಕಿರಿದು ಮಾಡಿದಳು. "ಇದೇನ್ರಿ ಗುರುಶಾಂತಕ್ಕ, ಹುಡುಗಿಗೆ ದೊಡ್ಡೋರ ಅಳತೆ ಬಟ್ಟೆ? ದೊಡ್ಡೋಳಾದ್ಲೇನು? ಆರತಿ ಮಾಡ್ದೆ ಮುಚ್ಚಿಟ್ಟೀರೇನು ಮತ್ತೆ?"

ಊರಿನ ಬಾಯಿಗೆ ಬೀಗ ಎಲ್ಲಿದೆ? ಗುರುಶಾಂತಮ್ಮನಿಗೆ ಮೈಯೆಲ್ಲ ಉರಿ ಹತ್ತಿತು. ಆದರೆ ಬೇರೆ ಬಟ್ಟೆ ಕೊಟ್ಟವಳು ತಾನು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ ನೋಡಿ! ಅವಳ ಅನುಮಾನ ನೆಟ್ಟಗೆ ಅಡಿಗೆಮನೆಗೆ ಹೋಯಿತು. ಒಂದೇ ಒಲೆ, ಒಂದೇ ಗಡಿಗೆ. ತನ್ನ ಮಕ್ಕಳು ಒಣಗಿವೆ, ಇವಳ ಮಗಳು ಮಾತ್ರ ಉಬ್ಬಿದ್ದಾಳೆ. ಕದ್ದು ತಿನ್ನಿಸದೆ ಆಗುವ ಮಾತೇ?

ಮರುದಿನದಿಂದಲೇ ಪತ್ತೇದಾರಿ ಶುರುವಾಯಿತು. ಗುರುಶಾಂತಮ್ಮ ತುಪ್ಪದ ಭರಣಿಗೆ ಮಸಿಯಿಂದ ಗೀಟು ಎಳೆದಳು. ಬೆಳಿಗ್ಗೆ ಎದ್ದು ನೋಡಿದರೆ ತುಪ್ಪ ಗೀಟಿನ ಮಟ್ಟದಲ್ಲೇ ಇದೆ, ಕೂದಲೆಳೆಯಷ್ಟೂ ಇಳಿದಿಲ್ಲ. ಅಲ್ಲಿಗೆ ಸುಮ್ಮನಾಗಬೇಕಲ್ಲವೇ? ಇಲ್ಲ! "ಎಷ್ಟು ಜಾಣೆ ನೋಡು! ತುಪ್ಪ ತೆಗೆದು ವನಸ್ಪತಿ ಬೆರೆಸ್ಯಾಳೆ" ಎಂದು ಮೂಸಿ ನೋಡಿದಳು. ಇಳಿದರೆ ಕಳ್ಳತನ, ಇಳಿಯದಿದ್ದರೆ ಜಾಣ ಕಳ್ಳತನ. ಇಂಥವರ ಮುಂದೆ ಯಾವ ಶರಣೆ ತಾನೇ ಸಾಚಾ ಅನ್ನಿಸಿಕೊಂಡಾಳು?

ಬಸವಣ್ಣೆಮ್ಮನ ಗಂಡನ ಕಿವಿಗೂ ಅದು ಬಿತ್ತು. ನಾಗರಾಜಪ್ಪ ಕೆಟ್ಟವನಲ್ಲ, ಆದರೆ ಅತ್ತಿಗೆ ಹಾಕಿದ ಗೆರೆ ದಾಟಿ ಗೊತ್ತಿದ್ದವನೂ ಅಲ್ಲ. "ನಿಜ ಹೇಳು. ಮಗೀಗೆ ಕದ್ದು ಕೊಡ್ತೀಯೇನು?" ಎಂದು ಹೆಂಡತಿಯನ್ನು ಕೇಳಿಯೇಬಿಟ್ಟ.

"ನೀವೂ ಕೇಳ್ತೀರಾ...?" ಬಸವಣ್ಣೆಮ್ಮ ಒಲೆಯ ಕಡೆ ತಿರುಗಿ ಕೂತಳು.

ಆದರೆ ಅನುಮಾನ ಒಬ್ಬರಲ್ಲೇ ನಿಲ್ಲುವ ರೋಗವಲ್ಲ. ತಾನು ಕೊಟ್ಟಿಲ್ಲ ಅಂದಮೇಲೆ ಮಗಳೇ ಕದಿಯುತ್ತಿರಬಹುದೇ ಎಂದು ಹೆತ್ತ ತಾಯಿಗೇ ಅನ್ನಿಸತೊಡಗಿತು. ಅವಳು ಕಸ್ತೂರಿಯ ಪಾಟೀಚೀಲ ತಡಕಿದಳು, ಬಾಯಿ ಮೂಸಿದಳು. ತಟ್ಟೆಗೆ ಹಾಕುವ ರೊಟ್ಟಿ ಎಣಿಸಿದಳು. ಮೂರು ಇದ್ದದ್ದು ಎರಡಾಯಿತು. ಎರಡು ಒಂದೂವರೆಯಾಯಿತು. ಹುಡುಗಿ ಒಂದು ದಿನವೂ 'ಇನ್ನಷ್ಟು ಹಾಕವ್ವ' ಅನ್ನಲಿಲ್ಲ. ಅದರಿಂದ ತಾಯಿಯ ಅನುಮಾನ ಇನ್ನೂ ಬಲಿಯಿತು. ಹಸಿವಾಗದೆ ಇರುವುದು ಹೇಗೆ? ಎಲ್ಲೋ ತಿನ್ನುತ್ತಿದ್ದಾಳೆ!

ಮಹಾನವಮಿ ರಜೆಗೆ ತಾಯಿ ಮಗಳು ಹರಿಹರಕ್ಕೆ ಹೋದರು. ಬಸವಣ್ಣೆಮ್ಮನ ತಾಯಿ ಕಸ್ತೂರಮ್ಮ ಬಾಗಿಲು ತುಂಬುವಂಥ ಹೆಂಗಸು, ಮೊಮ್ಮಗಳಿಗೆ ಅವಳದೇ ಹೆಸರು, ಅವಳದೇ ಮೈಕಟ್ಟು. ಮೊಮ್ಮಗಳನ್ನು ನೋಡುತ್ತಲೇ ಅಜ್ಜಿ ಎದೆ ಹಿಡಿದುಕೊಂಡಳು. "ಏನಾಗೈತೆ ಕೂಸಿಗೆ? ಕಣ್ಣು ಒಳಕ್ಕೆ ಹೋಗ್ಯಾವೆ!" ಎಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗಿಟ್ಟಳು. ಕಸ್ತೂರಿ ಅದನ್ನು ಉಡಿಯಲ್ಲಿ ಮುಚ್ಚಿಕೊಂಡು, "ಹೊರಗ ಕುಂತು ತಿಂತೀನಜ್ಜಿ" ಎಂದು ಓಡಿದಳು.

ಸಿಕ್ಕಿತು ಸಾಕ್ಷಿ! ಬಸವಣ್ಣೆಮ್ಮ ಬೆನ್ನು ಹತ್ತಿದಳು. ಹುಡುಗಿ ಗುಡಿಯ ಹಿಂದಿನ ಓಣಿ ದಾಟಿ ಹೊಳೆಯ ಮೆಟ್ಟಿಲಿಗೆ ಇಳಿದಳು. ಅತ್ತಿತ್ತ ನೋಡಿದಳು. ಉಡಿ ಬಿಚ್ಚಿದಳು. ಬಸವಣ್ಣೆಮ್ಮ ಹಾರಿ ಹೋಗಿ ಅವಳ ರಟ್ಟೆ ಹಿಡಿದಳು. "ಕದ್ದು ತಿಂತೀಯೇನೇ? ನನ್ನ ಮಾನ ಮೂರು ಕಾಸು ಮಾಡಿದೆಯಲ್ಲೇ!"

ಹುಡುಗಿಯ ಬಾಯಲ್ಲಿ ಏನೂ ಇರಲಿಲ್ಲ. ರೊಟ್ಟಿಯ ಚೂರುಗಳು ತುಂಗಭದ್ರೆಯ ನೀರಿನಲ್ಲಿ ತೇಲುತ್ತಿದ್ದವು, ಮೀನುಗಳು ಮುಗಿಬಿದ್ದಿದ್ದವು.

"ಯಾಕ... ಯಾಕ ಹಾಕ್ದೆ?"

"ತಿಂದ್ರೆ ದೀಪಾವಳಿಗೆ ಥಾನು ಸಾಲಲ್ಲವ್ವ. ಸಾಲ್ಯಾಗೂ ಡಬ್ಬಿದು ನಾಯಿಗೆ ಹಾಕ್ತೀನಿ. ಅಕ್ಕಗಳ ಜೊತಿ ನಾನೂ ಅದೇ ಬಟ್ಟೆ ಹಾಕ್ಕೋಬೇಕು. ಬ್ಯಾರೆ ಬ್ಯಾಡ..."

ಬಸವಣ್ಣೆಮ್ಮ ಆ ಮೆಟ್ಟಿಲ ಮೇಲೆಯೇ ಕುಸಿದು ಮಗಳನ್ನು ಎದೆಗೆ ಅವುಚಿಕೊಂಡಳು. ನಾನು ರೊಟ್ಟಿ ಎಣಿಸಿದೆನಲ್ಲ ತಾಯಿ... ನನ್ನ ಕೈಯಾರೆ ನಿನ್ನ ತಟ್ಟೆಯಿಂದ ತೆಗೆದೆನಲ್ಲ! ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿ ನೋಡಿದರು. ನೋಡಿದರೆ ನೋಡಲಿ ಎಂದು ಅವಳು ಅತ್ತಳು.

ದೀಪಾವಳಿಗೆ ವಾರವಿರುವಾಗ ಮಸ್ತಾನಸಾಬ್ ಮತ್ತೆ ಬಂದ. ನೀಲಿ ಬಣ್ಣದ ಥಾನು ಪಡಸಾಲೆಯಲ್ಲಿ ಬಿಚ್ಚಿಕೊಂಡಿತು. ಮೂವರದೂ ಆದ ಮೇಲೆ ಕಸ್ತೂರಿ ಉಸಿರು ಬಿಗಿಹಿಡಿದು ನಿಂತಳು.

"ಇಪ್ಪತ್ತಾರು" ಎಂದ ಮಸ್ತಾನಸಾಬ್. ತನ್ನ ಕಣ್ಣು ತಾನೇ ನಂಬದೆ ಇನ್ನೊಮ್ಮೆ ಸುತ್ತಿದ. "ಇಪ್ಪತ್ತಾರೇ ಅಮ್ಮಾರೆ."

"ಟೇಪು ಸರಿಯಾಗಿ ಹಿಡಿ! ಇವರವ್ವ ನಿನ್ನ ಕೈಗೇನಾದ್ರೂ ಇಟ್ಟಾಳೇನು?"

ಮುದುಕ ಟೇಪನ್ನು ಕೆಳಗಿಟ್ಟ. "ಮೂವತ್ತು ವರ್ಸದಿಂದ ಈ ಮನೀದು ಹೊಲೀತೀನಿ, ಅಂಥಾ ಮಾತು ಬ್ಯಾಡ್ರಿ. ಬೆಳೆಯೋ ಮಗು ಆರೇಳು ತಿಂಗಳಾಗ ನಾಲ್ಕು ಇಂಚು ಇಳಿದೈತೆ. ಇದು ಖುಷಿ ಪಡೋ ಮಾತಲ್ಲ."

ಆಗ ಬಸವಣ್ಣೆಮ್ಮ ಹೊಸ್ತಿಲು ದಾಟಿ ಬಂದಳು. ಹತ್ತು ವರ್ಷದಲ್ಲಿ ವಾರಗಿತ್ತಿಯ ಎದುರು ದನಿ ಎತ್ತಿದವಳಲ್ಲ. "ಅಕ್ಕಾ, ತುಪ್ಪಕ್ಕೆ ಗೀಟು ಹಾಕಿದ್ರಿ. ಇಲ್ನೋಡ್ರಿ, ಈ ಕೂಸಿನ ಎದಿ ಎಲುಬು ನೋಡ್ರಿ! ನಿಮ್ಮ ಥಾನಿನಾಗೆ ಜಾಗ ಸಿಗ್ಲಿ ಅಂತ ಇದು ಅನ್ನಾನ ಹೊಳೀಗೆ ಹಾಕೈತೆ. ನೀವು ಕಳ್ಳಿ ಅಂದ್ರಿ, ನಾನೂ ಹಂಗೇ ಅನ್ಕೊಂಡೆ. ಇಬ್ರೂ ಸೇರಿ ಉಪವಾಸ ಕೆಡವಿದ್ವಿ. ಈಗ ಸಾಕೇನ್ರಿ? ಇನ್ನೆಷ್ಟು ಇಂಚು ಬೇಕು?"

ಗುರುಶಾಂತಮ್ಮ ಹತ್ತಿರ ಬಂದಳು. ಹುಡುಗಿಯ ಭುಜದ ಮೇಲೆ ಕೈಯಿಟ್ಟಳು. ಎಲುಬು ಕೈಗೆ ಹತ್ತಿತು. ಅವಳೂ ಮೂರು ಹೆತ್ತವಳೇ. ಅವಳ ಮುಖದ ಬಣ್ಣ ಹೋಯಿತು.

"ನಾಲ್ವರಿಗೂ ಇದ್ರಾಗೇ ಕತ್ತರಿಸು ಸಾಬಣ್ಣ" ಎಂದಳು ಕೊನೆಗೆ, ಯಾರ ಮುಖವನ್ನೂ ನೋಡದೆ. "ಕಸ್ತೂರಿದು ಸಡಿಲ ಇರ್ಲಿ, ಮೂರೂವರೆ ಗಜ ಬೇಕಾದ್ರೂ ಹಿಡೀಲಿ. ಸಾಲದಿದ್ರೆ ನನ್ನ ಮಕ್ಕಳ ಫ್ರಾಕಿನ ನೆರಿಗಿ ಕಡಿಮಿ ಮಾಡು."

ಪಾಡ್ಯದ ದಿನ ನಾಲ್ಕು ನೀಲಿ ಫ್ರಾಕುಗಳು ಒಂದೇ ಸಾಲಿನಲ್ಲಿ ಊಟಕ್ಕೆ ಕೂತವು. ಕಸ್ತೂರಿ ಪದೇ ಪದೇ ಪಕ್ಕದವಳ ತೋಳಿಗೆ ತನ್ನ ತೋಳು ಒತ್ತಿ, ಬಣ್ಣ ಒಂದೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಬಸವಣ್ಣೆಮ್ಮನಿಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಗಿತ್ತು. ಗುರುಶಾಂತಮ್ಮ ತಾನೇ ಹೋಳಿಗೆಯ ಬುಟ್ಟಿ ಹಿಡಿದು ಬಂದು ಕಸ್ತೂರಿಯ ಎಲೆಯ ಮುಂದೆ ಬಗ್ಗಿದಳು.

"ಇಕಾ, ನಿಂಗ ಎರಡು."

ಹುಡುಗಿ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದಳು. "ಬ್ಯಾಡ ದೊಡ್ಡವ್ವ."

"ಹಬ್ಬದ ದಿನ ಬ್ಯಾಡ ಅನ್ಬಾರ್ದು, ತಿನ್ನು ಬಂಗಾರ."

ಕಸ್ತೂರಿ ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ದೊಡ್ಡವ್ವನ ಮುಖ. ಅಳುತ್ತಿರಲಿಲ್ಲ. ಲೆಕ್ಕ ತಿಳಿದವಳ ಹಾಗೆ ಮೆಲ್ಲಗೆ ಹೇಳಿದಳು:

"ಈಗ ಹಿಂಗೇ ಅಂತೀರಿ. ತಿಂದ್ರೆ ಯುಗಾದಿಗೆ ಮತ್ತೆ ಬ್ಯಾರೆ ಬಟ್ಟೆ ಕೊಡ್ತೀರಿ."

ಗುರುಶಾಂತಮ್ಮ ಬುಟ್ಟಿ ಹಿಡಿದುಕೊಂಡೇ ಆ ಎಲೆಯ ಮುಂದೆ ನೆಲಕ್ಕೆ ಕೂತಳು. "ಇಲ್ಲವ್ವ... ಕೊಡಂಗಿಲ್ಲ... ನನ್ನ ಲಿಂಗದಾಣೆ ಕೊಡಂಗಿಲ್ಲ" ಎಂದು ಮತ್ತೆ ಮತ್ತೆ ಹೇಳಿದಳು. ಬಸವಣ್ಣೆಮ್ಮ ಹೋಳಿಗೆ ಮುರಿದು ಮಗಳ ಬಾಯಿಯ ಹತ್ತಿರ ತಂದಳು. ಹುಡುಗಿ ಇಬ್ಬರನ್ನೂ ನೋಡುತ್ತಲೇ ಇದ್ದಳು. ತುಟಿ ತೆರೆಯಲಿಲ್ಲ.