ಮೊಳೆಯ ಮೇಲಿನ ದಾರ

ಸೋಮವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ತೆರೆದ ಲ್ಯಾಬ್ ಸಹಾಯಕ ಹೊಸಿಲಲ್ಲೇ ನಿಂತ. ಮೇಲಿನ ಮಹಡಿಯ ಆರು ತರಗತಿಗಳಿಗೆ ಹೋಗುವ ಆರು ಹೊಸ ನೀಲಿ ಕೇಬಲ್‌ಗಳೂ ತುಂಡಾಗಿದ್ದವು. ಬರೀ ತುಂಡಲ್ಲ — ನಡುವಿನ ಭಾಗವೇ ಮಾಯ.

ಶಾಲೆಗೆ ಹೊಸ ನೆಟ್‌ವರ್ಕ್ ಬಂದು ಇನ್ನೂ ಒಂಬತ್ತು ದಿನ. ಮೇಲೆ ಮಕ್ಕಳು ಪಾಠ ಮೂಡದ ಖಾಲಿ ಪರದೆ ನೋಡುತ್ತ ಕೈಕಟ್ಟಿ ಕೂತಿದ್ದರು.

ಮುಖ್ಯೋಪಾಧ್ಯಾಯಿನಿಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಬೀಗದ ಕೈ ಇರುವುದು ಸಹಾಯಕನ ಬಳಿ. ಹಳೆಯ ಕೇಬಲ್ಲೇ ಚೆನ್ನಾಗಿತ್ತು ಎಂದು ಸಭೆಯಲ್ಲಿ ಗೊಣಗಿದವನೂ ಅವನೇ. ಶನಿವಾರ ಮಧ್ಯಾಹ್ನ ಶುಚಿ ಕೆಲಸಕ್ಕೆಂದು ಎಲ್ಲ ಕೋಣೆಗಳೂ ತೆರೆದಿದ್ದವು, ಸಂಜೆ ತಾನು ಒಳಗೆ ನೋಡದೆ ಬೀಗ ಹಾಕಿದೆ ಎಂದು ಅವನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಸಂಜೆಯೊಳಗೆ ಸತ್ಯ ಹೊರಬರದಿದ್ದರೆ ಲ್ಯಾಬಿಗೆ ಬೇರೆಯವರು ಬರುತ್ತಾರೆ ಎಂದುಬಿಟ್ಟರು. ಹದಿನೆಂಟು ವರ್ಷ ಆ ಕಂಪ್ಯೂಟರ್‌ಗಳ ಧೂಳು ಒರೆಸಿದವನು ಅವನು.

ಪತ್ತೆಗೆ ಬಂದವರು ಮುಖ್ಯೋಪಾಧ್ಯಾಯಿನಿಯ ಮಾವ. ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದ ಮೇಲೂ ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇಲ್ಲದೆ ಹೊಸಿಲು ದಾಟದ ಮನುಷ್ಯ. ಸೊಸೆಯ ಮಾತನ್ನು ಇವರು ಮೀರುತ್ತಾರೆಯೇ? ಸಹಾಯಕನಿಗೆ ನಂಬಿಕೆ ಇರಲಿಲ್ಲ. ಆದರೂ ಏಣಿ ಹಿಡಿದುಕೊಂಡ.

ಮುದುಕರು ಕೇಬಲ್ ತುದಿ ಮುಟ್ಟಿ ನೋಡಿದರು. ನೀಟಾದ ಕತ್ತರಿ ಗುರುತು — ಇಲಿಯ ಕೆಲಸವಲ್ಲ. ಆಮೇಲೆ, ಕೇಬಲ್ ಎಳೆದಿದ್ದ ಟೆಕ್ನಿಷಿಯನ್ ಹುಡುಗಿಯನ್ನು ಕರೆಸಿದರು.

"ಇಲ್ಲಿ ಎಷ್ಟು ಕೇಬಲ್ ಬಿಟ್ಟಿದ್ದೆಯಮ್ಮ?"

"ಒಂದೊಂದರಲ್ಲೂ ಒಂದೂವರೆ ಮಾರು ಹೆಚ್ಚಿಗೆ ಸರ್. ಮುಂದೆ ಜಾಗ ಬದಲಾದ್ರೆ ಎಳ್ಕೊಳ್ಳೋಕೆ ಬೇಕಲ್ಲ. ಸುರುಳಿ ಸುತ್ತಿ, ದಾರ ಕಟ್ಟಿ, ಮೊಳೆಗೆ ತೂಗುಹಾಕಿದ್ದೆ."

ದಾರ ಮೊಳೆಯ ಮೇಲೇ ಇತ್ತು. ಯಾರೋ ಗಂಟು ಬಿಚ್ಚಿ, ಮಡಚಿ, ಮತ್ತೆ ಅಲ್ಲೇ ಇಟ್ಟಿದ್ದರು. ಮುದುಕರು ಅದನ್ನೇ ನೋಡುತ್ತ ಸಹಾಯಕನ ಕಡೆ ತಿರುಗಿದರು.

"ನಿನಗ್ಯಾಕಪ್ಪ ಹೊಸದು ಬೇಡವಾಗಿತ್ತು?"

"ಬೇಡ ಅಂತಲ್ಲ ಸರ್. ಹಳೇದನ್ನ ನಾನೇ ಎಳೆದಿದ್ದೆ. ಬಿಚ್ಚಿ ಬಿಸಾಕು ಅಂದ್ರು, ಮನಸ್ಸು ಬರ್ಲಿಲ್ಲ. ಲ್ಯಾಬಿನ ಮೇಜಿನ ಕೆಳಗೆ ಇಟ್ಕೊಂಡಿದೀನಿ."

ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿಯ ಹುಬ್ಬು ಮೇಲೇರಿತು. ಸಹಾಯಕ ತಲೆ ತಗ್ಗಿಸಿದ. ಹೊರಗೆ ಸಿಮೆಂಟ್ ಅಂಗಳದಲ್ಲಿ ಹುಡುಗಿಯರು ಸ್ಕಿಪ್ಪಿಂಗ್ ಆಡುತ್ತಿದ್ದ ಸದ್ದು — ಚಟ್, ಚಟ್, ಚಟ್.

ಮುದುಕರು ಕಿವಿಗೊಟ್ಟು ಕೇಳಿದರು. "ಆ ಹಗ್ಗ ಯಾವಾಗ ಬಂತು?"

"ಇವತ್ತೇ ಹೊಸದು ತೆಗೆದ ಹಾಗಿದೆ ಸರ್," ಎಂದ ಸಹಾಯಕ.

"ಪಿಟಿ ಮೇಷ್ಟ್ರನ್ನ ಕರಿ."

ಮೇಷ್ಟ್ರು ಒಂದು ಹಗ್ಗವನ್ನು ಕೈಗೆ ಸುತ್ತಿಕೊಂಡೇ ಬಂದರು. ನೀಲಿ ಹಗ್ಗ. ಮುಚ್ಚಿಡಬೇಕೆಂಬ ಯೋಚನೆಯೇ ಅವರಿಗಿರಲಿಲ್ಲ. ಮಿಕ್ಕಿದ ಕೇಬಲ್ ಸುಮ್ಮನೆ ನೇತಾಡುತ್ತಿದೆ, ತುದಿಗಳನ್ನು ಪೈಪಿನೊಳಗೆ ತುರುಕಿದ್ದಾರೆ ಎಂದುಕೊಂಡು ಶನಿವಾರ ಕತ್ತರಿಸಿದರಂತೆ. ಬೆಳಗಿನಿಂದ ಅಂಗಳದಲ್ಲೇ ಇದ್ದವರಿಗೆ ಮೇಲಿನ ಗಲಾಟೆ ಗೊತ್ತೇ ಆಗಿರಲಿಲ್ಲ.

"ಹಾಳುಮಾಡೋಕೆ ಬಂದವನು ದಾರ ಮಡಚಿ ಮೊಳೆಗೆ ತೂಗುಹಾಕ್ತಾನಾ?" ಎಂದರು ಮುದುಕರು. "ಇದು ಯಾವುದನ್ನೂ ದಂಡ ಮಾಡದವನ ಕೆಲಸ. ಹೊರಗೆ ಸದ್ದು ಕೇಳಿದಾಗ ಖಾತ್ರಿಯಾಯ್ತು. ಹಗ್ಗ ನೆಲಕ್ಕೆ ಧಪ್ ಅನ್ನುತ್ತೆ, ತಂತಿ ಚಟ್ ಅನ್ನುತ್ತೆ. ಬದುಕಿಡೀ ತಂತಿ ಎಳೆದವನು ನಾನು."

ಮೇಷ್ಟ್ರು ಬೆವರುತ್ತ ಜೇಬಿನಿಂದ ಶುಕ್ರವಾರದ ಸುತ್ತೋಲೆ ತೆಗೆದರು. ಕೋಣೆಗಳಲ್ಲಿ ನೇತಾಡುವ ಹೆಚ್ಚುವರಿ ವಸ್ತುಗಳನ್ನು ತೆಗೆದು ಮಕ್ಕಳ ಉಪಯೋಗಕ್ಕೆ ಬಳಸುವುದು ಎಂದಿತ್ತು. ಮುದುಕರು ಓದಿ ಸೊಸೆಯ ಕೈಗಿಟ್ಟರು.

"ಕತ್ತರಿ ಮೇಷ್ಟ್ರದು. ರುಜು ನಿನ್ನದಮ್ಮ."

ಮುಖ್ಯೋಪಾಧ್ಯಾಯಿನಿ ತಮ್ಮ ರುಜು ನೋಡಿ ಕಾಗದ ಮಡಚಿದರು. ಆಮೇಲೆ ಎಲ್ಲರೆದುರು ಸಹಾಯಕನ ಕಡೆ ತಿರುಗಿ, "ಕೋಣೆ ತೆರೆದಿತ್ತು ಅಂತ ನೀವು ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು. ಲ್ಯಾಬ್ ನಿಮ್ಮದೇ," ಎಂದರು.

ಮಧ್ಯಾಹ್ನಕ್ಕೆ ಟೆಕ್ನಿಷಿಯನ್ ಹುಡುಗಿ ಆ ನೀಲಿ ಹಗ್ಗಗಳನ್ನು ವಾಪಸ್ ತರಿಸಿ ಕೇಬಲ್‌ಗಳನ್ನು ಜೋಡಿಸಿದಳು; ಮೇಲೆ ಪರದೆಗಳಲ್ಲಿ ಪಾಠ ಮೂಡಿತು. ಕೆಳಗೆ ಆರು ಹುಡುಗಿಯರು ಬರಿಗೈಯಲ್ಲಿ ಮುಖ ಬಾಡಿಸಿಕೊಂಡು ನಿಂತಿದ್ದರು. ಸಹಾಯಕ ಮೇಜಿನ ಕೆಳಗಿನಿಂದ ಹಳೆಯ ಬೂದು ಕೇಬಲ್ ಎಳೆದು, ಮುದುಕರ ಪ್ಲೇಯರ್ ಇಸಿದುಕೊಂಡು, ಆರು ಉದ್ದ ತುಂಡು ಕತ್ತರಿಸಿದ.

"ಇದನ್ನೂ ವಾಪಸ್ ಕೇಳ್ತಾರಾ ಸರ್?" ಎಂದಳು ಒಬ್ಬಳು.

"ಯಾರೂ ಕೇಳಲ್ಲಮ್ಮ," ಎಂದ ಅವನು. "ಇದು ನಾನು ಎಳೆದದ್ದು."